ವೀರಭದ್ರಪ್ಪನವರ ಹತ್ತೂವರೆ ಇಂಚು

ಗದಗಿನ ಕಡೆಯವರಾದ ವೀರಭದ್ರಪ್ಪನವರು ಕೊಚ್ಚಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಮಲಯಾಳಂ ಕಲಿತಿರಲಿಲ್ಲ. ಅಳತೆ ಬಲ್ಲವನಿಗೆ ಭಾಷೆ ಬೇಕಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವರು ಹೆಡ್ ಡ್ರಾಫ್ಟ್ಸ್‌ಮನ್. ಬೇರೆಯವರು ಎಳೆದ ಗೆರೆಯಲ್ಲಿ ತಪ್ಪು ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುವುದು ಅವರ ಕೆಲಸ. ಸಂಜೆ ದೋಣಿ ಹತ್ತಿ ಎರ್ನಾಕುಳಂನ ಮನೆಗೆ ಬಂದ ಮೇಲೂ ಕೆಲಸ ನಿಲ್ಲುತ್ತಿರಲಿಲ್ಲ. ಹೆಂಡತಿ ಶಾಂತಾ ಬಡಿದ ರೊಟ್ಟಿ ಒಂದು ಕಡೆ ತುಸು ಸೊಟ್ಟಗಿದ್ದರೆ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಿನ್ನುವುದನ್ನೇನೂ ಬಿಡುತ್ತಿರಲಿಲ್ಲ.

ಶಾಂತಾ ಬಿಡುವಿದ್ದಾಗ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಹರಿದ ಧೋತರ, ಮಗಳು ರತ್ನಳ ಗಿಡ್ಡವಾದ ಲಂಗ, ಎಲ್ಲವನ್ನೂ ಕೈಗೆ ಬಂದಂತೆ ಕತ್ತರಿಸಿ, ಕಣ್ಣಿಗೆ ಹೊಂದಿದಂತೆ ಜೋಡಿಸಿ, ದಪ್ಪ ದಾರದ ಹೊಲಿಗೆ ಹಾಕುತ್ತ ಹೋಗುವುದು. ಅವಳ ತಾಯಿ ಹಾಗೇ ಮಾಡುತ್ತಿದ್ದಳು. ವೀರಭದ್ರಪ್ಪನವರು ಅಂಥದೇ ಕೌದಿಯ ಮೇಲೆ ಮಲಗಿಯೇ ದೊಡ್ಡವರಾಗಿದ್ದರೂ ಈಗ ಅದನ್ನು ನೋಡಿದರೆ ಅವರ ಹುಬ್ಬು ಗಂಟಾಗುತ್ತಿತ್ತು. ಒಂದು ತುಂಡೂ ಇನ್ನೊಂದರ ಅಳತೆಗಿಲ್ಲ, ಒಂದು ಮೂಲೆಯೂ ನೆಟ್ಟಗಿಲ್ಲ.

೧೯೬೯ರಲ್ಲಿ ಅವರಿಗೆ ದಾರಿ ಸಿಕ್ಕಿತು. ಎರ್ನಾಕುಳಂನ ಬ್ರಾಡ್‌ವೇ ಬೀದಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವನ ಬಳಿ, ಯಾವುದೋ ಹಡಗಿನಿಂದ ಇಳಿದು ಬಂದ ಅಮೆರಿಕದ ಗೃಹಿಣಿಯರ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಕೌದಿಯ ಚಿತ್ರ. ಮಕ್ಕಳು ಕಡ್ಡಿಗೆ ಸಿಕ್ಕಿಸಿಕೊಂಡು ಗಾಳಿಗೆ ಹಿಡಿದು ಓಡುವ ಕಾಗದದ ಗಿರಗಿಟ್ಲೆ ಇದೆಯಲ್ಲ, ಅಂಥ ನೂರಾರು ಗಿರಗಿಟ್ಲೆಗಳು ಸಾಲಾಗಿ, ಎಲ್ಲವೂ ಒಂದೇ ದಿಕ್ಕಿಗೆ ತಿರುಗುವಂತೆ ಕಾಣುತ್ತಿದ್ದವು. ಒಂದೊಂದು ಗಿರಗಿಟ್ಲೆಗೂ ಎಂಟು ತ್ರಿಕೋನ, ಎರಡೆರಡು ಸೇರಿ ನಾಲ್ಕು ಚೌಕ. ತ್ರಿಕೋನ ಕತ್ತರಿಸಲೆಂದೇ ಮಾಡಿದ ಗಾಜಿನಂಥ ಸ್ಕೇಲೊಂದರ ಚಿತ್ರವೂ ಪಕ್ಕದಲ್ಲಿತ್ತು. ಕೌದಿಗೂ ಸ್ಕೇಲು ಉಂಟು ಎಂದು ತಿಳಿದ ಆ ಗಳಿಗೆಯಲ್ಲಿ ವೀರಭದ್ರಪ್ಪನವರಿಗೆ ಜಗತ್ತಿನಲ್ಲಿ ತಮ್ಮ ಜಾತಿಯವರು ಇನ್ನೂ ಇದ್ದಾರೆಂಬ ಸಮಾಧಾನವಾಯಿತು.

ಸ್ಕೇಲನ್ನು ತರಿಸುವ ಮಾತಿರಲಿಲ್ಲ. ತಾವೇ ಮಾಡಿದರು. ಬೋರ್ಡು ಬರೆಯುವ ಅಂಗಡಿಯಿಂದ ದಪ್ಪ ಪ್ಲಾಸ್ಟಿಕ್ ತುಂಡು ತಂದು, ಮೂರು ಭಾನುವಾರ ಅರ ಹಾಕಿ ಉಜ್ಜಿ, ಸೂಜಿಯಿಂದ ಗೆರೆ ಕೊರೆದು, ಗೆರೆಗೆ ಕೆಂಪು ಶಾಯಿ ತುಂಬಿದರು. ಆದರೆ ಪತ್ರಿಕೆಯವರ ಒಂದು ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. ಹೊಲಿದ ಮೇಲೆ ಮೂರು ಇಂಚಿನ ಚೌಕ ಬರಬೇಕಾದರೆ ತ್ರಿಕೋನದ ಬದಿ ಮೂರು ಇಂಚಿನ ಮೇಲೆ ಹೆಚ್ಚುಕಡಿಮೆ ಇನ್ನೊಂದು ಇಂಚು, ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು ಕಡಿಮೆ, ಇರಬೇಕೆಂದು ಅಲ್ಲಿ ಬರೆದಿತ್ತು. ಹೊಲಿಗೆಗೆ ಆ ಬದಿ ಕಾಲು ಇಂಚು, ಈ ಬದಿ ಕಾಲು ಇಂಚು, ಎರಡೂ ಸೇರಿದರೆ ಅರ್ಧ. ಉಳಿದ ಬಟ್ಟೆ ಯಾತಕ್ಕೆ?

"ಅಮೆರಿಕಾದವ್ರಿಗೆ ಅರಿವಿ ಭಾಳ ಆಗೈತಿ," ಎಂದು ಅವರು ಪತ್ರಿಕೆಯ ಆ ಸಾಲಿಗೂ ಕೆಂಪು ಸುತ್ತು ಹಾಕಿ, ತಮ್ಮ ಸ್ಕೇಲನ್ನು ಮೂರೂವರೆ ಇಂಚಿಗೇ ಕೊರೆದರು.

"ಕೌದಿಗೆ ಸ್ಕೇಲ್ ಯಾಕ ಬೇಕ್ರಿ?" ಎಂದು ಶಾಂತಾ ಕೇಳಿದಳು.

"ನಿಮ್ಮವ್ವಗ ಸ್ಕೇಲ್ ಇದ್ದಿದ್ರ ನಿಮ್ಮ ಮನ್ಯಾಗಿನ ಕೌದಿ ಹಂಗ ಇರ್ತಿರಲಿಲ್ಲ."

ತಯಾರಿ ಮುಗಿದ ಮೇಲೆ ಕೆಲಸದ ಹಂಚಿಕೆ ಆಯಿತು. ಕತ್ತರಿಸುವುದು, ಪರಿಶೀಲಿಸುವುದು ವೀರಭದ್ರಪ್ಪನವರದು. ಹೊಲಿಯುವುದು ಶಾಂತಾಳದು. ಹದಿನಾಲ್ಕು ಸಾಲು, ಸಾಲಿಗೆ ಹದಿನಾಲ್ಕು ಗಿರಗಿಟ್ಲೆ, ಒಂದೊಂದು ಆರು ಇಂಚು. ತಮ್ಮ ತೇಗದ ಜೋಡಿಮಂಚವನ್ನು ಮುಚ್ಚಿ, ಕಾಲ ಬಳಿ ಒಂಬತ್ತು ಇಂಚು ಇಳಿಬೀಳಬೇಕು. ಇದೆಲ್ಲದರ ನಕ್ಷೆ ಟ್ರೇಸಿಂಗ್ ಹಾಳೆಯಲ್ಲಿ ತಯಾರಾಗಿ, ಕೆಳಗಿನ ಮೂಲೆಯಲ್ಲಿ ಅವರ ಸಹಿ ಬಿತ್ತು. ಹಳೆಯ ಬಟ್ಟೆಗೆ ಪ್ರವೇಶವಿರಲಿಲ್ಲ. ಬಿಳಿಗೆ ಹೊಸ ಪಾಪ್ಲಿನ್ ಬಂತು. ಕೆಂಪಿಗೆ ಎರ್ನಾಕುಳಂನ ಯಾವ ಅಂಗಡಿಯ ಬಣ್ಣವೂ ಪತ್ರಿಕೆಯ ಚಿತ್ರಕ್ಕೆ ಹೊಂದಲಿಲ್ಲ. ಹೊಂದಿದ್ದು ಶಾಂತಾಳ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ. ಅವಳು ರತ್ನಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಅದರ ಅರ್ಧ ಒಡಲು ಮುನ್ನೂರು ಚಿಲ್ಲರೆ ತ್ರಿಕೋನವಾಗಿತ್ತು. ಶಾಂತಾ ಹನ್ನೊಂದು ದಿನ ಮಾತಾಡಲಿಲ್ಲ. ವೀರಭದ್ರಪ್ಪನವರು ಅದನ್ನು ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡರು.

ಹನ್ನೆರಡನೆಯ ದಿನ ಮೊದಲ ಗಿರಗಿಟ್ಲೆ ಸಿದ್ಧವಾಯಿತು. ಶಾಂತಾ ಟೇಪು ಹಿಡಿದು ನೋಡಿದಳು.

"ಐದೂಕಾಲ್ ಇಂಚ ಬಂದೈತ್ರಿ."

"ಆರು."

"ನೀವ ಹಿಡಿದು ನೋಡ್ರಿ."

ಅವರು ಹಿಡಿದು ನೋಡಿದರು. ಟೇಪು ಬದಲಾಯಿಸಿ ನೋಡಿದರು. "ನಿನ್ನ ಹೊಲಿಗಿ ಅರಿವಿ ತಿನ್ನಾಕತ್ತೈತಿ. ಬಿಚ್ಚು."

ಅವಳು ಬಿಚ್ಚಿ ಹೊಲಿದಳು. ಐದೂಕಾಲು. ಮತ್ತೆ ಬಿಚ್ಚಿದಳು. ಮೂರನೆಯ ಸಲ ಬಟ್ಟೆಯೇ ಜೂಲು ಬಿಟ್ಟಿತು. ಕೊನೆಗೆ ವೀರಭದ್ರಪ್ಪನವರು ಉದಾರವಾಗಿ, ಮುಂದೆ ಕೈ ಪಳಗಿದಂತೆ ಸರಿಹೋದೀತು ಎಂದು ತೀರ್ಪು ಕೊಟ್ಟು, "ಹೊಲಿಗೆಯ ದೋಷ" ಎಂದು ನಕ್ಷೆಯ ಅಂಚಿನಲ್ಲಿ ಬರೆದಿಟ್ಟರು. ಹೀಗೆ ಎರಡು ವರ್ಷ ನಡೆಯಿತು. ಮನೆಗೆ ಯಾರೇ ಬರಲಿ, ಸ್ಕೇಲು ಫ್ಲಾನೆಲ್ ಚೀಲದಿಂದ ಹೊರಬಂದು ಕೈಯಿಂದ ಕೈಗೆ ದಾಟುತ್ತಿತ್ತು. ಜೊತೆಗೆ ಹೆಂಡತಿಯ ಕೈಯ ದೋಷದ ವಿವರಣೆಯೂ ದಾಟುತ್ತಿತ್ತು. ಶಾಂತಾ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು.

೧೯೭೨ರಲ್ಲಿ ಅವರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಪೇಟ್ಟದಲ್ಲಿ ಬಾಡಿಗೆ ಮನೆ. ನೂರ ತೊಂಬತ್ತಾರು ಗಿರಗಿಟ್ಲೆಗಳೂ ಅಲ್ಲಿ ಒಂದಾದವು. ಹತ್ತಿ ತುಂಬಿ, ಅಸ್ತರಿ ಕೊಟ್ಟು, ಅಂಚು ಕಟ್ಟಿ, ಒಂದು ಭಾನುವಾರ ಮಧ್ಯಾಹ್ನ ಕೌದಿಯನ್ನು ಮಂಚದ ಮೇಲೆ ಹಾಸಿದರು. ನೋಡಲು ಚೆಂದವೇ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲ ಬಳಿ ಇಳಿಬೀಳುವುದಿರಲಿ, ಮಂಚದ ಹಲಗೆಯನ್ನೇ ಮುಟ್ಟಿರಲಿಲ್ಲ. ನಕ್ಷೆಗೆ ಹತ್ತೂವರೆ ಇಂಚು ಕಡಿಮೆ.

"ನೋಡಿದೇನ್, ನಿನ್ನ ಹೊಲಿಗಿ ಎಷ್ಟ ತಿಂತು," ಎಂದರು ವೀರಭದ್ರಪ್ಪನವರು.

ಆಗ ರತ್ನ ತನ್ನ ರೇಖಾಗಣಿತದ ನೋಟ್‌ಬುಕ್ಕು ಹಿಡಿದು ಬಂದಳು. ಹತ್ತನೆಯ ತರಗತಿಯ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವುದು ಮಲಯಾಳವೇ. "ಅಪ್ಪಾ, ಇದು ತೆಟ್ಟಾಣ್," ಎಂದಳು. ತಪ್ಪು ಎಂಬ ಒಂದು ಶಬ್ದ ಮಾತ್ರ ವೀರಭದ್ರಪ್ಪನವರಿಗೆ ಆ ಭಾಷೆಯಲ್ಲಿ ಚೆನ್ನಾಗಿ ತಿಳಿಯುತ್ತಿತ್ತು. ಅವಳು ತ್ರಿಕೋನ ಬರೆದು ತೋರಿಸಿದಳು. ಓರೆ ಬದಿಯಲ್ಲೂ ಹೊಲಿಗೆ ಬೀಳುತ್ತದಲ್ಲ. ಅಲ್ಲಿ ಕಾಲು ಇಂಚು ಒಳಗೆ ಹೊಲಿದರೆ ನೇರ ಬದಿಯಲ್ಲಿ ಅದಕ್ಕಿಂತ ಹೆಚ್ಚೇ ಕರಗುತ್ತದೆ. ಪತ್ರಿಕೆಯವರು ಅದನ್ನು ಸೇರಿಸಿದ್ದರು. ಅಪ್ಪ ಬಿಟ್ಟಿದ್ದರು. ಪ್ರತಿ ಗಿರಗಿಟ್ಲೆಗೆ ಮುಕ್ಕಾಲು ಇಂಚು, ಹದಿನಾಲ್ಕಕ್ಕೆ ಹತ್ತೂವರೆ. ಅಮ್ಮನ ಹೊಲಿಗೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ಶಾಂತಾಳಿಗೆ ಮೂರು ವರ್ಷಗಳ ನಂತರ ಇದು ಗೊತ್ತಾಯಿತು. ಅವಳು ಗಂಡನ ಮುಖ ನೋಡಿದಳು. ಒಂದು ಮಾತು ಬಂದೀತೆಂದು ಕಾದಳು.

ವೀರಭದ್ರಪ್ಪನವರು ನೋಟ್‌ಬುಕ್ಕನ್ನು ದೂರ ಹಿಡಿದು, ಹತ್ತಿರ ಹಿಡಿದು, "ಅಕ್ಷರ ಭಾಳ ಕೆಟ್ಟ ಅದಾವ," ಎಂದು ಹಿಂದಕ್ಕೆ ಕೊಟ್ಟರು.

ಎರಡು ದಿನ ಅವರು ಊಟದಲ್ಲೂ ಯೋಚನೆಯಲ್ಲೇ ಇದ್ದರು. ಮೂರನೆಯ ದಿನ ವೇಲಾಯುಧನ್ ಎಂಬ ಬಡಗಿ ಗರಗಸ, ಉಳಿ ಹಿಡಿದುಕೊಂಡು ಬಂದ. ಮಂಚದಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದುದನ್ನು ನೋಡಿ ಅವನಿಗೆ ಏನೂ ಅರ್ಥವಾಗಲಿಲ್ಲ.

ರತ್ನ ಮಲಯಾಳದಲ್ಲಿ ಹೇಳಿದಳು: "ಹತ್ತೂವರೆ ಇಂಚು ಗಿಡ್ಡ ಮಾಡಬೇಕಂತೆ."

"ಯಾಕೆ? ಗೆದ್ದಲು ಹತ್ತಿದೆಯಾ?"

"ಇಲ್ಲ. ಕೌದಿ ಗಿಡ್ಡ ಇದೆ."

ವೇಲಾಯುಧನ್ ಮಂಚವನ್ನು ತಡವಿ ನೋಡಿದ. ಹಳೆಯ ತೇಗ, ಒಂದು ಬಿರುಕಿಲ್ಲ. ಯಜಮಾನರನ್ನು ನೋಡಿದ; ಅವರು ಐದು ಅಡಿ ಒಂಬತ್ತು ಇಂಚಿನ ಆಳು. "ಸಾರ್ ಇದರ ಮೇಲೆ ಮಲಗುತ್ತಾರಾ?" ಎಂದು ಹುಡುಗಿಯನ್ನೇ ಕೇಳಿ, ಅವಳು ತಲೆಯಾಡಿಸಿದ ಮೇಲೆ, ದೊಡ್ಡ ಮನುಷ್ಯರ ಮನೆಯ ವಿಷಯ ತನಗೇಕೆಂದು ಗರಗಸ ಹಚ್ಚಿದ. ಸಂಜೆಯ ಹೊತ್ತಿಗೆ ಕೌದಿ ಕಾಲ ಬಳಿ ಸರಿಯಾಗಿ ಒಂಬತ್ತು ಇಂಚು ಇಳಿಬಿದ್ದಿತ್ತು. ವೀರಭದ್ರಪ್ಪನವರು ಅಳೆದು ನೋಡಿ, ನಕ್ಷೆಯ ಮೇಲೆ ಸರಿ ಗುರುತು ಹಾಕಿದರು.

ಅಲ್ಲಿಂದ ಮುಂದೆ ಅವರ ಮಲಗುವಿಕೆ ಒಂದು ಸಾಹಸವಾಯಿತು. ನೇರ ಮಲಗಿದರೆ ಪಾದ ಗಾಳಿಯಲ್ಲಿ. ಮಡಚಿಕೊಂಡರೆ ಮೊಣಕಾಲು ಹಿಡಿಯುತ್ತಿತ್ತು. ಕೊನೆಗೆ ಮಂಚದ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಮಲಗಿದರೆ ದೇಹ ಹಿಡಿಸುತ್ತದೆಂದು ಕಂಡುಕೊಂಡರು. ಓರೆಗೆರೆ ನೇರಗೆರೆಗಿಂತ ಉದ್ದ ಎಂಬುದನ್ನು ಮಗಳ ನೋಟ್‌ಬುಕ್ಕಿನಿಂದ ಒಪ್ಪದವರು ಬೆನ್ನಿನಿಂದ ಒಪ್ಪಿಕೊಂಡರು, ಆದರೆ ಯಾರಿಗೂ ಹೇಳಲಿಲ್ಲ. ಶಾಂತಾಳಿಗೆ ಮಂಚದಲ್ಲಿ ಉಳಿದದ್ದು ಒಂದು ತ್ರಿಕೋನ. ಅವಳು ಚಾಪೆ ಎತ್ತಿಕೊಂಡು ರತ್ನಳ ಕೋಣೆಗೆ ಹೋದಳು. ತಿರುವನಂತಪುರದ ಮೇ ತಿಂಗಳಲ್ಲಿ ಹತ್ತಿ ತುಂಬಿದ ಕೌದಿಯನ್ನು ಎದೆಯವರೆಗೆ ಹೊದ್ದು, ಫ್ಯಾನನ್ನು ಪೂರ್ತಿ ಬಿಟ್ಟು, ಬೆವರುತ್ತ ಮಲಗುವ ಗೌರವ ವೀರಭದ್ರಪ್ಪನವರೊಬ್ಬರಿಗೇ ಉಳಿಯಿತು.

ಆ ವರ್ಷ ಊರಿನ ಕನ್ನಡ ಕುಟುಂಬಗಳು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದವು. ಪೇಟ್ಟದ ಸರದಿ ಬಂದಾಗ ವೀರಭದ್ರಪ್ಪನವರು ಉಪ್ಪಿಟ್ಟಿಗೆ ಮೊದಲೇ ಎಲ್ಲರನ್ನೂ ಮಲಗುವ ಕೋಣೆಗೆ ಕರೆದೊಯ್ದರು. ತುಂಬ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ವಿಜ್ಞಾನಿಯೊಬ್ಬರ ಹೆಂಡತಿ, ಮೈಸೂರಿನ ರಾಜಲಕ್ಷ್ಮಿ, ಕೌದಿಯ ಅಂಚನ್ನು ತಿರುವಿ ಹೊಲಿಗೆಯನ್ನೇ ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಮಾಡಿದ್ದು?"

"ನಾನ ಮಾಡೇನ್ರಿ," ಎಂದು ವೀರಭದ್ರಪ್ಪನವರು ಫ್ಲಾನೆಲ್ ಚೀಲಕ್ಕೆ ಕೈ ಹಾಕಿದರು.

"ಹೊಲಿಗೆ ಕೂಡ ನಿಮ್ಮದೇನಾ?"

"ಹೊಲಿಗಿ ಮನ್ಯಾಗಿನವ್ರದು. ಅದು ಏನ್ ದೊಡ್ಡದಲ್ಲ ಬಿಡ್ರಿ."

ರಾಜಲಕ್ಷ್ಮಿ ಶಾಂತಾಳ ಕಡೆ ತಿರುಗಿ ನಕ್ಕರು. "ತುಂಬಾ ಚೆನ್ನಾಗಿದೆ ರೀ. ಮಂಚನೂ ಎಷ್ಟು ಮುದ್ದಾಗಿದೆ. ಮಗಳಿಗೆ ಅಂತ ಮಾಡಿಸಿದ್ದಾ?"

"ಅಲ್ರಿ, ಇವರದು," ಎಂದಳು ಶಾಂತಾ. "ಕೌದಿ ಗಿಡ್ಡ ಆತು ಅಂತ ಮಂಚ ಕೊಯ್ಸಿದ್ರು."

ಕೋಣೆಯಲ್ಲಿ ಎಂಟು ಜನರಿದ್ದರು. ಎಂಟು ಜನರೂ ಮೊದಲು ಮಂಚವನ್ನು, ಆಮೇಲೆ ವೀರಭದ್ರಪ್ಪನವರನ್ನು ತಲೆಯಿಂದ ಪಾದದವರೆಗೆ ನೋಡಿದರು. ಜೀವನದಲ್ಲಿ ಮೊದಲ ಸಲ ಬೇರೆಯವರು ಅವರ ಅಳತೆ ತೆಗೆದುಕೊಂಡದ್ದು. ಯಾರೋ ಕೆಮ್ಮಿದರು. ರತ್ನ ಬಾಗಿಲ ಹೊರಗೆ ಓಡಿದಳು. ವೀರಭದ್ರಪ್ಪನವರು ಸ್ಕೇಲನ್ನು ಚೀಲದಿಂದ ಅರ್ಧ ಹೊರಗೆ ತೆಗೆದವರು ಹಾಗೆಯೇ ಒಳಗೆ ದೂಡಿ, ಉಪ್ಪಿಟ್ಟು ಆರುತ್ತದೆ ಎಂದರು.

ರಾಜಲಕ್ಷ್ಮಿ ಹೊರಡುವಾಗ, ತಮ್ಮಲ್ಲಿ ನಾಲ್ಕೈದು ಹೆಂಗಸರು ಕಲಿಯಬೇಕೆಂದಿದ್ದಾರೆ, ವಾರಕ್ಕೆರಡು ದಿನ ಬರುತ್ತೀರಾ ಎಂದು ಶಾಂತಾಳನ್ನು ಕೇಳಿದರು. ಅವಳು ಗಂಡನನ್ನು ಕೇಳದೆ ಹೂಂ ಎಂದಳು. ರತ್ನ ರಟ್ಟಿನಲ್ಲಿ ಹೊಸ ಅಳತೆಪಟ್ಟಿ ಕತ್ತರಿಸಿಕೊಟ್ಟಳು, ಓರೆ ಬದಿಯ ಲೆಕ್ಕವನ್ನೂ ಸೇರಿಸಿ.

ಮಂಗಳವಾರ ಶಾಂತಾ ಸೀರೆಯುಟ್ಟು, ರಟ್ಟು, ಕತ್ತರಿ, ದಾರದುಂಡೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ವೀರಭದ್ರಪ್ಪನವರು ಬಾಗಿಲಲ್ಲಿ ನಿಂತರು. ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದರು.

"ನಾನೂ ಬರ್ತೇನಿ. ಸ್ಕೇಲ್ ಹಿಡಿಯೋದು ಹೆಂಗ ಅಂತ ಮೊದಲ ಒಂದ್ ತಾಸು ಹೇಳ್ಬೇಕಾಗ್ತೈತಿ ಅವ್ರಿಗೆ."

"ನೀವು ಬ್ಯಾಡ್ರಿ," ಎಂದಳು ಶಾಂತಾ. "ಅಲ್ಲಿ ಎಲ್ಲಾರ ಮಂಚಾನೂ ಇನ್ನೂ ಛಲೋ ಅದಾವು."

ಅನ್ನ ಮುಚ್ಚಿಟ್ಟಿದೆ, ಸಾರು ಬಿಸಿ ಮಾಡಿಕೊಳ್ಳಿ ಎಂದು ಹೇಳಿ, ಕಿಳಕ್ಕೇಕೋಟೆಯಿಂದ ತುಂಬಕ್ಕೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಅವಳು ಮೆಟ್ಟಿಲಿಳಿದಳು.