ಊದುವವರ ಬುತ್ತಿ

ರಾಣೆಬೆನ್ನೂರಿನ ಗೂಡುಸಾಬ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಲೇ ತಲೆ ಹಣ್ಣಾದವನು. ಪಂಗತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ಅವನು ಊದುತ್ತಿರಬೇಕು. ಬ್ಯಾಂಡಿನವರ ಸರದಿ ಬರುವಷ್ಟರಲ್ಲಿ ಕಟ್ಟಿನ ಸಾರು ಆರಿ ತಣ್ಣಗಾಗಿರುತ್ತದೆ. ಮುಂಬಯಿಯ ಒಂದು ಹೋಟೆಲಿನಲ್ಲಿ ದಿನಾ ಸಂಜೆ ಜಾಝ್ ಬಾರಿಸುತ್ತಾರೆ, ಕೇಳುತ್ತ ಕೂತು ಉಣ್ಣಬಹುದು ಎಂದು ಮೊಬೈಲಿನಲ್ಲಿ ನೋಡಿದಾಗಿನಿಂದ ಅವನಿಗೆ ಒಂದೇ ಹಂಬಲ: ಜೀವನದಲ್ಲಿ ಒಮ್ಮೆಯಾದರೂ ಇನ್ನೊಬ್ಬರು ಊದುವಾಗ ತಾನು ಬಿಸಿಬಿಸಿ ಉಣ್ಣಬೇಕು. ಆಷಾಢದಲ್ಲಿ ಮದುವೆಗಳಿಲ್ಲವೆಂದು ರೈಲಿನ ಟಿಕೆಟ್ಟೂ ತೆಗೆಸಿದ.

ಹೊರಡುವ ಮುಂಜಾನೆ ಹೆಂಡತಿ ಮಹಮೂದಾಬೇಗಂ ರೊಟ್ಟಿ ಬಡಿಯಲು ಕೂತಳು.

"ಬುತ್ತಿ ಬ್ಯಾಡ. ವಡಾಪಾವ್, ಬೊಂಬಿಲ ಮೀನಾ, ಎಲ್ಲಾ ಅಲ್ಲೇ ತಿಂತೇನಿ," ಎಂದ ಗೂಡುಸಾಬ.

"ತಿನ್ರಿ, ಯಾರು ಬ್ಯಾಡಂದಾರ? ನೀವು ಮೀನಾ ತಿನ್ನೂಮುಂದ ಆ ಊದೋರು ಉಂಡಿರ್ತಾರೇನು?"

ಅದು ಗೂಡುಸಾಬನಿಗೆ ಹೊಳೆದೇ ಇರಲಿಲ್ಲ. ಒಲೆಯ ಹತ್ತಿರ ಬಂದು ಕೂತ.

"ಹಂಗಾರ ರೊಟ್ಟಿ ಜಾಸ್ತೀನ ಬಡಿ. ಬ್ಯಾಡಗಿ ಮೆಣಸಿನಕಾಯಿ ಚಟ್ನೀನೂ ಇಡು. ನಾ ಮೊದಲ ಉಣ್ಣತೇನಿ, ಅದನ್ನ ಮಾತ್ರ ಬಿಡಂಗಿಲ್ಲ. ಅವರು ಊದೋದು ಮುಗೀತಂದ್ರ ಅವರ ಕೂಡ ಇನ್ನೊಮ್ಮೆ ಕುಂದರತೇನಿ."

"ಎರಡೂ ಪಂಗತಿ ನಿಮ್ಮವ ಅನ್ರಿ," ಎಂದು ನಗುತ್ತ ಮಹಮೂದಾ ಇನ್ನೊಂದು ಹಿಡಿ ಹಿಟ್ಟು ಸುರುವಿಕೊಂಡಳು.