ಹಿಮ್ಮಡಿಯ ಪಾಠ

ಚಾಮರಾಜನಗರದ ಒಂದು ಗಾರ್ಮೆಂಟ್ಸ್‌ನಲ್ಲಿ ತರಬೇತಿ ನೋಡಿಕೊಳ್ಳುವವಳು ನಾನು. ಹೋದ ವರ್ಷ ಹೊಸ ಮೆಷಿನ್‌ಗಳು ಬರುತ್ತವೆ ಎಂದಾಗ, ಕೆಲಸಗಾರರು ಏನೇನು ಕಲಿಯಬೇಕು, ಯಾರು ಕಲಿಸಬೇಕು ಎಂದು ಇಡೀ ವರ್ಷದ ಯೋಜನೆ ಬರೆಯಲು ಮ್ಯಾನೇಜರ್ ಹೇಳಿದರು. ಮಾದರಿಗೆಂದು ಹೆಡ್ಡಾಫೀಸಿನಿಂದ ಸ್ಲೈಡುಗಳು ಬಂದವು. ಬಾಣ, ವೃತ್ತ, ಕೋಟು ಹಾಕಿಕೊಂಡು ನಗುವ ಜನ. ನೋಡಿ ಮೈ ಉರಿಯಿತು. ಹೊರಗಿನವರು ಬೇಡ, ಲೈನಿನಲ್ಲಿ ಕೂತು ಹೊಲಿಯುವವರೇ ಕಲಿಸಲಿ ಎಂದು ಬರೆದುಕೊಟ್ಟೆ. ಊರಿಗೊಂದು ದಾರಿಯಾದರೆ ನಿಮಗೊಂದು ದಾರಿ ಎಂದು ಮ್ಯಾನೇಜರ್ ಛೇಡಿಸಿದರೂ ಒಪ್ಪಿಕೊಂಡರು.

ಹೊಸ ಮೆಷಿನ್ ತಾನೇ ದಾರ ಕತ್ತರಿಸುತ್ತದೆ. ಪೆಡಲನ್ನು ಹಿಮ್ಮಡಿಯಿಂದ ಹಿಂದಕ್ಕೆ ಒತ್ತಬೇಕು, ಅಷ್ಟೆ. ಇದನ್ನು ಎಲ್ಲರಿಗಿಂತ ಬೇಗ ಹಿಡಿದವಳು ತೆರಕಣಾಂಬಿಯ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು. ಅವಳನ್ನೇ ಕಾಲರ್ ಲೈನಿಗೆ ಟ್ರೇನರ್ ಮಾಡಿದೆ. ಅದೇ ಲೈನಿನಲ್ಲಿ ಅವಳ ಅತ್ತೆಯೂ ಇದ್ದರು. ಅವಳನ್ನು ಈ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಸೇರಿಸಿದವರೇ ಅವರು. ತಿಂಗಳ ಕೊನೆಗೆ ಪರೀಕ್ಷೆ ಎಂದೂ ಯೋಜನೆಯಲ್ಲಿ ನಾನೇ ಬರೆದಿದ್ದೆ. ಪಾಸಾಗದವರು ಲೈನು ಬಿಟ್ಟು, ಸಿದ್ಧ ಅಂಗಿಗಳ ಉಳಿದ ದಾರ ಕತ್ತರಿಸುವ ಟೇಬಲ್ಲಿಗೆ ಹೋಗಬೇಕು. ಕಾಲರ್ ಹೊಲಿಯುವವರು ಎಂದರೆ ಅತ್ತೆಗೆ ಊರಲ್ಲೂ ಒಂದು ತೂಕವಿತ್ತು. ಅದು ಹೋಗುವುದು ಅವರಿಗೆ ಸಣ್ಣ ಮಾತಲ್ಲ.

ಹುಡುಗಿ ಒಬ್ಬೊಬ್ಬರ ಪಕ್ಕ ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿ ಹಿಡಿದು ಒತ್ತಿಸಿ ಕಲಿಸುತ್ತಿದ್ದಳು. ಅತ್ತೆಯ ಮೆಷಿನ್ ಬಂದರೆ ಮಾತ್ರ ತಲೆ ತಗ್ಗಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದಳು. ಮನೆಯಲ್ಲೇನೋ ಜಗಳ ಇರಬೇಕು ಎಂದುಕೊಂಡೆ. ಕರೆದು ಕೇಳಿದರೆ ಅವಳ ಕಣ್ಣು ತುಂಬಿತು.

"ಅತ್ತೆಗೆ ಅಂಗಲ್ಲ, ಇಂಗೆ ಅಂತ ಎಂಗ್ ಏಳ್ಲಿ ಮೇಡಂ? ಮುದ್ದೆ ಕಟ್ಟೋದ್ನೂ ಅವ್ರೇ ಏಳ್ಕೊಟ್ಟೋರು."

ಹಾಗೆಂದು ಅವಳು ಸುಮ್ಮನಿರಲಿಲ್ಲ. ಮಗಳಿಗೆ ಬೈದು ಸೊಸೆಗೆ ಬುದ್ಧಿ ಹೇಳುವುದು ನಮ್ಮ ಕಡೆ ಇದ್ದದ್ದೇ. ಇವಳು ಅದನ್ನೇ ತಿರುಗಿಸಿದಳು. ಅತ್ತೆಯ ಪಕ್ಕದಲ್ಲಿದ್ದ ಹರದನಹಳ್ಳಿಯ ಹುಡುಗಿಗೆ ಹಿಮ್ಮಡಿ ಒತ್ತು, ಹಿಮ್ಮಡಿ ಒತ್ತು ಎಂದು ಲೈನಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಸರಿಯಾಗಿಯೇ ಒತ್ತುತ್ತಿದ್ದ ಆ ಹುಡುಗಿ ಬೆಪ್ಪಾಗಿ ಕಣ್ಣು ಬಿಡುತ್ತಿತ್ತು. ಅತ್ತೆ ಕಿವಿಗೊಟ್ಟು ಕೇಳುತ್ತಿದ್ದರು. ಆದರೆ ಕಿವಿಗೆ ಬಿದ್ದದ್ದು ಕಾಲಿಗೆ ಇಳಿಯಲಿಲ್ಲ. ಹಳೆಯ ರೂಢಿಯಂತೆ ಕೈ ತಾನಾಗಿ ಕತ್ತರಿಯ ಕಡೆ ಹೋಗುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ನಾನು ಗದರಿದೆ. ಕಾಲು ಹಿಡಿದಾದರೂ ಕಲಿಸು, ಇಲ್ಲದಿದ್ದರೆ ಅವರ ಜಾಗ ಹೋಗುತ್ತದೆ ಎಂದೆ. ಹುಡುಗಿ ಸೆರಗು ಸರಿ ಮಾಡಿಕೊಂಡು ಹೋಗಿ, ಬಗ್ಗಿ ಅತ್ತೆಯ ಪಾದ ಮುಟ್ಟಿದಳು. ಅತ್ತೆ ತಟ್ಟನೆ ಪೆಡಲಿನಿಂದ ಕಾಲು ತೆಗೆದು, ಅವಳ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರು ಎಂದು ಹರಸಿದರು. ಇಡೀ ಲೈನು ಗೊಳ್ಳೆಂದಿತು. ಹುಡುಗಿ ಮುಖ ಕೆಂಪಾಗಿ ಎದ್ದುಹೋದಳು. ನನಗೂ ನಗು ಬಂತು. ಆದರೆ ಪಾಠ ಅಲ್ಲಿಗೇ ನಿಂತಿತ್ತು.

ಮರುದಿನ ಪರೀಕ್ಷೆಯಲ್ಲಿ ಅತ್ತೆ ಪಾಸಾಗಲಿಲ್ಲ. ಇನ್ನೊಂದು ವಾರ ಕೊಡಿ ಎಂದು ಮ್ಯಾನೇಜರ್‌ಗೆ ಕೇಳಿಕೊಂಡೆ, ಜಗಳವನ್ನೂ ಆಡಿದೆ. ಯೋಜನೆಯೇ ನಿಮ್ಮದಲ್ಲವೇ ಎಂದರು.

ಸಂಜೆ ಗುಂಡ್ಲುಪೇಟೆ ಕಡೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವರಿಬ್ಬರೂ ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಟ್ರೇನರ್ ಕೆಲಸ ಬಿಟ್ಟುಬಿಡುತ್ತೇನೆ ಎಂದು ಸೊಸೆ ಅಳುತ್ತಿದ್ದಳು. ಅತ್ತೆ ಅವಳ ಕಡೆ ತಿರುಗಿದರು.

"ಅಳ್ಬ್ಯಾಡ ಕಣಮ್ಮಿ. ನೀ ನಂಗೆ ಏಳಕ್ಕೆ ಅಂಜ್ದೆ, ನಾ ನಿನ್ನ ಕೇಳಕ್ಕೆ ಅಂಜ್ದೆ. ನಾಳಿಕ್ ಬರೋರೂ ಯಾರ್ಗಾರ ಅತ್ತೇನೇ. ಅವ್ರ ಕಾಲ ಮಾತ್ರ ಬುಡಬ್ಯಾಡ."

ತೆರಕಣಾಂಬಿಯಲ್ಲಿ ಇಬ್ಬರೂ ಇಳಿದರು. ಗುಂಡ್ಲುಪೇಟೆ ಮುಟ್ಟುವವರೆಗೂ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ.

ಈಗ ಹೊಸ ತಂಡ ಬಂದರೆ ಆ ಹುಡುಗಿ ಮೊದಲು ಹೋಗುವುದು ತಲೆ ನೆರೆತವರ ಮೆಷಿನ್ ಹತ್ತಿರ. ಅವಳು ಬಗ್ಗಿ ಅವರ ಹಿಮ್ಮಡಿ ಹಿಡಿದಾಗ, ಆಚೆ ದಾರದ ಟೇಬಲ್ಲಿನಲ್ಲಿ ಅತ್ತೆ ಕತ್ತರಿ ನಿಲ್ಲಿಸಿ ನೋಡುತ್ತಾರೆ.