ಕೊನೆಯ ಸಾಲಿನಲ್ಲಿ ನಿಂತು ಕೇಳುವವರು

ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು ಅವರು ಕಣ್ಣು ಮುಚ್ಚುತ್ತಾರೆ. ಇನ್ನೊಂದು ಕೈಯಲ್ಲಿ ಫೋನು. “ಕಳಿಸಿ,” ಎನ್ನುತ್ತಾರೆ. ಒಂಬತ್ತು ಮಹಡಿ ಕೆಳಗೆ ಕಾವಲುಗಾರ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತುತ್ತಾನೆ. ಉಕ್ಕಿನ ಹಗ್ಗಗಳು ನಡುಗುತ್ತವೆ, ದೊಡ್ಡ ಚಕ್ರ ತಿರುಗಿ ನಿಲ್ಲುತ್ತದೆ.

“ಈಗ ನೀವು ಹೊರಗೆ ಬನ್ನಿ. ಖಾಲಿ ಕಳಿಸಿ.”

“ಯಾಕಣ್ಣ, ಒಳಗೇ ಇದ್ರೆ ಸದ್ದು ಚೆನ್ನಾಗಿ ಗೊತ್ತಾಗುತ್ತಲ್ಲ?”

“ಒಳಗೆ ನಿಂತೋರಿಗೆ ಲಿಫ್ಟು ಯಾವತ್ತೂ ಚೆನ್ನಾಗೇ ಇರುತ್ತೆ ಕಣ್ರೀ. ಒಂದನೇ ಮಹಡಿಗೆ ಹೋಗಿ, ಸದ್ದು ಅಂತ ದೂರು ಕೊಟ್ಟ ಅಜ್ಜಿ ಮಲಗೋ ಕೋಣೆ ಗೋಡೆಗೆ ಕಿವಿ ಕೊಡಿ. ಅಲ್ಲಿ ಗೊತ್ತಾಗುತ್ತೆ.”

ಬೆಳಗಿನ ಐದೂಮುಕ್ಕಾಲು. ಕಟ್ಟಡದ ನೆತ್ತಿಯ ಮೇಲಿರುವ ಈ ಕೋಣೆಗೆ ಕಿಟಕಿಯಿಲ್ಲ. ಬಾಗಿಲ ಸಂದಿಯಿಂದ ಬಂದ ಬೆಳಕಿನ ಪಟ್ಟಿಯೊಂದು ಗ್ರೀಸ್ ಡಬ್ಬಿಯನ್ನು ಎರಡು ಹೋಳು ಮಾಡಿದೆ. ಜನ ಎದ್ದು ಲಿಫ್ಟಿಗೆ ಸಾಲು ನಿಲ್ಲುವ ಮೊದಲೇ ಇವರ ಕೆಲಸ ಮುಗಿಯಬೇಕು. ಕಾವಲುಗಾರರ ಬಾಯಲ್ಲಿ ಇವರು ಲಿಫ್ಟಣ್ಣ. ವಯಸ್ಸು ನಲವತ್ತೇಳು, ಕಸುಬಿಗೆ ಬಂದು ಇಪ್ಪತ್ತಮೂರು ವರ್ಷ. ಹನ್ನೊಂದು ಕಟ್ಟಡ, ಹದಿನೇಳು ಲಿಫ್ಟು, ದಿನಕ್ಕೆ ಸುಮಾರು ಆರುನೂರು ಮೆಟ್ಟಿಲು. ಕೆಟ್ಟ ಲಿಫ್ಟಿನ ರಿಪೇರಿಗೆ ಲಿಫ್ಟಿನಲ್ಲಿ ಹೋಗುವಂತಿಲ್ಲವಲ್ಲ.

ಕೆಲಸದ ಚೀಲದ ಒಳಜೇಬಿನಲ್ಲಿ, ಸ್ಪ್ಯಾನರುಗಳ ನಡುವೆ, ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡಿದೆ. ಬೆರಳುದ್ದ, ಬ್ಲೇಡಿನಿಂದ ಅಚ್ಚುಕಟ್ಟಾಗಿ ಕೊಯ್ದದ್ದು. ಅದು ಲಿಫ್ಟಿಗಲ್ಲ, ಬೇಸ್ ಗಿಟಾರಿಗೆ.

ಬೇಸ್ ಗಿಟಾರ್ ಹಾಡಿನ ಅಡಿಯಲ್ಲಿ ಓಡುವ ವಾದ್ಯ. ನಾಲ್ಕೇ ತಂತಿ, ಒಂದೊಂದೂ ದಪ್ಪ, ಎಲ್ಲವೂ ಮಂದ್ರ. ಲಿಫ್ಟಣ್ಣನಿಗೆ ಅದು ಸಿಕ್ಕಿದ್ದು ಹತ್ತೊಂಬತ್ತು ವರ್ಷದ ಹಿಂದೆ, ಯಾರೋ ಮನೆ ಖಾಲಿ ಮಾಡುವಾಗ ಲಿಫ್ಟಿನ ಮೋಟಾರು ಕೋಣೆಯಲ್ಲಿ ಬಿಟ್ಟುಹೋದ ಸಾಮಾನಿನ ನಡುವೆ. “ಗಿಟಾರಿಗೆ ಆರು ತಂತಿ ಅಂತ ಗೊತ್ತಿತ್ತು. ಇದರಲ್ಲಿ ನಾಲ್ಕಿದೆ. ಪಾಪ, ಎರಡು ಕಿತ್ತುಹೋಗಿದೆ ಅಂದ್ಕೊಂಡು ಅಂಗಡಿಗೆ ಹೋಗಿ ಎರಡು ತಂತಿ ಕೊಡಿ ಅಂದೆ. ಅಂಗಡಿಯವನು ಒಳಗಿದ್ದ ಅವರಪ್ಪನ್ನ ಕರೆದು, ಇನ್ನೊಂದ್ಸಲ ಹೇಳಿ ಅಂದ. ಹೇಳಿದೆ. ಇಬ್ಬರೂ ಕೂತ್ಕೊಂಡು ನಕ್ಕರು.”

ಮನೆಯಲ್ಲೂ ನಗುವೇ. “ಇವರು ನುಡಿಸೋಕೆ ಶುರು ಮಾಡಿದ ಹೊಸತರಲ್ಲಿ ನಾನು ಫ್ರಿಜ್ ರಿಪೇರಿಯವನನ್ನ ಕರೆಸಿದ್ದೆ,” ಎನ್ನುತ್ತಾರೆ ಹೆಂಡತಿ. ಅವರದು ಮನೆಯಲ್ಲೇ ಹೊಲಿಗೆ ಕೆಲಸ. “ಅವನು ಫ್ರಿಜ್ಜಿನ ಬೆನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಾನೆ, ಇವರು ಕೋಣೆಯಿಂದ ಹೊರಗೆ ಬಂದ್ರು, ಸದ್ದು ನಿಂತುಹೋಯ್ತು.”

ತಂಡದಲ್ಲಿ ನಾಲ್ವರು. ಹಾಡುವವರು ಔಷಧಿ ಅಂಗಡಿಯ ಮಾಲೀಕರು, ಲಿಫ್ಟಣ್ಣನ ಬಾಲ್ಯದ ಗೆಳೆಯ. ಕೀಬೋರ್ಡಿಗೆ ಗಣಿತದ ಟೀಚರ್. ಡ್ರಮ್ಸಿಗೆ ಹೆಂಡತಿಯ ತಮ್ಮ. ಅವನ ಟೈರು ಗೋದಾಮಿನಲ್ಲೇ ಪ್ರತಿ ಭಾನುವಾರ ಮಧ್ಯಾಹ್ನ ಅಭ್ಯಾಸ. ವರ್ಷಕ್ಕೆ ಐದಾರು ಕಾರ್ಯಕ್ರಮ, ಹೆಚ್ಚಿನವು ಪುಕ್ಕಟೆ. ಹದಿನೈದು ವರ್ಷದಿಂದ ಗೆಳೆಯ ಲಿಫ್ಟಣ್ಣನ ಕಡೆ ತಿರುಗಿ ಹೇಳುತ್ತ ಬಂದ ಮಾತು ಒಂದೇ, “ಕಮ್ಮಿ ಮಾಡೋ.”

“ಯಾರಾದ್ರೂ ಒಂದು ದಿನ ಜಾಸ್ತಿ ಮಾಡು ಅಂದುಬಿಟ್ರೆ ಸಾಕು ಅಂತ ಆಸೆ ಇತ್ತು,” ಎಂದು ಇವರು ನಗುತ್ತಾರೆ. “ಚಿಕ್ಕ ಆಸೆ.”

ಕಳೆದ ವರ್ಷದ ಗ್ರಂಥಾಲಯದ ವಾರ್ಷಿಕೋತ್ಸವದ ವಿಷಯ ಬಂದರೆ ಮಾತ್ರ ನಗು ನಿಲ್ಲುತ್ತದೆ. ನೂರೆಂಬತ್ತು ಕುರ್ಚಿಯ ಸಭಾಂಗಣ. ಅಂದು ಎದೆಯೆತ್ತರದ ದೊಡ್ಡದೊಂದು ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಬಾಡಿಗೆಗೆ ತಂದು, ಚೆನ್ನಾಗಿ ಕಾಣಲೆಂದು ವೇದಿಕೆಯ ಮೂಲೆಗೆ ಒರಗಿಸಿ, ಇವರು ಅದರ ಪಕ್ಕದಲ್ಲೇ ನಿಂತರು. ಅಲ್ಲಿ ಸದ್ದು ಸಪ್ಪೆಯಾಗಿತ್ತು. ಗೋದಾಮಿನಲ್ಲಿ ಟೈರುಗಳು ಮಂದ್ರವನ್ನು ನುಂಗಿಹಾಕುತ್ತವೆ, ಹಾಗಾಗಿ ಅಲ್ಲಿ ಎಷ್ಟು ಏರಿಸಿದರೂ ನಡೆಯುತ್ತದೆ. ಆ ಅಭ್ಯಾಸಬಲದಲ್ಲಿ ಇಲ್ಲೂ ಏರಿಸಿದರು. ಇನ್ನೂ ಏರಿಸಿದರು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ನಡುಗಿದವು, ಕಿಟಕಿಯ ಗಾಜು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು. ಹಾಡಿನ ಒಂದು ಪದವೂ ಅಲ್ಲಿಗೆ ತಲುಪಲಿಲ್ಲ.

ಕೊನೆಯ ಸಾಲಿನಲ್ಲಿ, ಮಗ ವೇದಿಕೆಯಲ್ಲಿ ಹಾಡುವುದನ್ನು ಮೊದಲ ಸಲ ಕೇಳಲು ಬಂದಿದ್ದ ಗೆಳೆಯನ ತಾಯಿ ಕೂತಿದ್ದರು. ಮುಗಿದ ಮೇಲೆ ಮಗನ ಕೈ ಹಿಡಿದುಕೊಂಡು ಅವರು ಹೇಳಿದ್ದು ಇಷ್ಟು: “ಚೆನ್ನಾಗಿ ಹಾಡಿದೆ ಅಂತ ಎಲ್ಲರೂ ಅಂದ್ರು ಮಗಾ. ನನಗೆ ನಿನ್ನ ಬಾಯಿ ಅಲ್ಲಾಡಿದ್ದು ಕಾಣ್ತು.”

ಅಂದಿನಿಂದ ತಂಡದಲ್ಲಿ ಇವರ ಹೆಸರು ಭೂಕಂಪ. ಈ ವರ್ಷ ಮತ್ತೆ ಅದೇ ಸಭಾಂಗಣ, ಮತ್ತೆ ಅದೇ ತಾಯಿ. ಟೀಚರ್ ನೇರ ಮಾತಿನವರು. “ಬೇಸ್ ಭಾಗಾನ ಕೀಬೋರ್ಡಲ್ಲಿ ನನ್ನ ಎಡಗೈಯಲ್ಲೇ ನುಡಿಸಬಹುದು, ತೊಂದರೆ ಏನಿಲ್ಲ,” ಎಂದುಬಿಟ್ಟರು. ಗೆಳೆಯ ಎದುರಾಡಲಿಲ್ಲ. ಶನಿವಾರ ಸಭಾಂಗಣದಲ್ಲಿ ಒಂದು ಅಭ್ಯಾಸ, ಅಲ್ಲೂ ಗದ್ದಲವಾದರೆ ಮರುದಿನ ಲಿಫ್ಟಣ್ಣ ಕೆಳಗೆ ಕೂತು ಚಪ್ಪಾಳೆ ತಟ್ಟುವುದು. ಹಾಗೆಂದು ತೀರ್ಮಾನವಾಯಿತು.

“ನಂಗೆ ನಾಚಿಕೆ ಆಗಿದ್ದು ಬೇರೆ ಕಾರಣಕ್ಕೆ,” ಎನ್ನುತ್ತಾರೆ ಇವರು, ಮೆಟ್ಟಿಲಿಳಿಯುತ್ತ. “ಇಪ್ಪತ್ತು ವರ್ಷದಿಂದ ಕಾವಲುಗಾರರಿಗೆ ಹೊರಗೆ ಬಂದು ಕೇಳಿ, ಹೊರಗೆ ಬಂದು ಕೇಳಿ ಅಂತ ಪಾಠ ಹೇಳ್ತೀನಿ. ನಾನೇ ಹೋಗಿ ಮೋಟಾರು ಪಕ್ಕ ನಿಂತ್ಕೊಂಡೆ ನೋಡಿ.”

ಕಳೆದ ವರ್ಷದ ಆ ವಾರ್ಷಿಕೋತ್ಸವದ ಮರುವಾರವೇ ಇವರು ಇಪ್ಪತ್ತು ಮೀಟರ್ ವೈರು ತಂದು, ಎರಡೂ ತುದಿಗೆ ತಾವೇ ಪಿನ್ನು ಬೆಸೆದುಕೊಂಡರು. ಗಿಟಾರು ನುಡಿಸುತ್ತಲೇ ಆಂಪ್‌ನಿಂದ ದೂರ ನಡೆದು, ಕೇಳುಗರ ಜಾಗದಲ್ಲಿ ನಿಂತು ಕೇಳಲು. (ಒಂದು ಮಳೆಗಾಲ ಅದರ ಮೇಲೆ ಬಟ್ಟೆ ಒಣಗಿತು. “ಮನೆಯಲ್ಲಿ ಅಷ್ಟುದ್ದ ಹಗ್ಗ ಬೇರೆ ಯಾವುದಿತ್ತು?” ಎಂಬುದು ಹೆಂಡತಿಯ ಪ್ರಶ್ನೆ.) ವರ್ಷವಿಡೀ ಎಲ್ಲೆಲ್ಲಿ ಅನುಮತಿ ಸಿಕ್ಕಿತೋ ಅಲ್ಲೆಲ್ಲ ಪ್ರಯೋಗ. ಶಾಲೆಯ ಊಟದ ಕೋಣೆ, ಕಾರು ನಿಲ್ಲಿಸುವ ನೆಲಮಾಳಿಗೆ. ಮಂದ್ರ ಮೂಲೆಯಲ್ಲಿ ರಾಶಿ ಬೀಳುತ್ತದೆ ಎಂದು ತಿಳಿದದ್ದು ಅಲ್ಲಿ. ಲಿಫ್ಟಿನ ಬಾವಿಯಲ್ಲೂ ಹಾಗೇ ಅಲ್ಲವೇ, ತಳದಲ್ಲಿ ನಿಂತರೆ ಮೋಟಾರು ತಲೆಯ ಮೇಲೇ ಇದ್ದಂತೆ, ನಡುವಿನ ಮಹಡಿಯಲ್ಲಿ ಅದರ ಸುಳಿವೇ ಇಲ್ಲ.

ಹಾಗಾಗಿ ಈಗ ಆಂಪ್ ಚಿಕ್ಕದು, ಮೂಲೆ ಬಿಟ್ಟು, ನೆಲ ಬಿಟ್ಟು, ಕುರ್ಚಿಯ ಮೇಲೆ. ಮಂದ್ರದ ನಾಬು ಅರ್ಧಕ್ಕಿಂತ ಕೆಳಗೆ, ನಡುಸ್ವರದ್ದು ಅರ್ಧಕ್ಕಿಂತ ಮೇಲೆ. “ಬೇಸ್ ಕೇಳ್ಬೇಕು ಅಂದ್ರೆ ಬೇಸ್ ನಾಬೇ ಇಳಿಸ್ಬೇಕು. ಇದನ್ನ ಒಪ್ಪಿಕೊಳ್ಳೋಕೆ ನನಗೆ ಆರು ತಿಂಗಳು ಬೇಕಾಯ್ತು.” ತಂತಿಗಳ ಬುಡದಲ್ಲಿ, ಅವು ಮರಕ್ಕೆ ಕಚ್ಚಿಕೊಳ್ಳುವ ಕಡೆ, ಆ ಸ್ಪಂಜಿನ ತುಂಡು. ಸ್ವರ ಹುಟ್ಟುತ್ತದೆ, ಕೂಡಲೇ ಮೆತ್ತಗೆ ಸಾಯುತ್ತದೆ. ಎಡಗೈಯ ಕಿರುಬೆರಳು ಮಡಚುವುದಿಲ್ಲ, ಹಿಂದೊಮ್ಮೆ ಲಿಫ್ಟಿನ ಬಾಗಿಲಿಗೆ ಸಿಕ್ಕಿತ್ತು. ಹಾಗಾಗಿ ಸ್ವರಗಳೂ ಕಡಿಮೆ. ಅದರ ಬಗ್ಗೆ ಕೊರಗಿಲ್ಲ.

“ಲಿಫ್ಟು ಓಡೋದು ದೊಡ್ಡ ವಿಷಯ ಅಲ್ಲ. ಮಹಡಿಗೆ ಸಮನಾಗಿ ನಿಲ್ಬೇಕು. ಅರ್ಧ ಇಂಚು ಹೆಚ್ಚುಕಮ್ಮಿ ಆದ್ರೂ ಯಾರೋ ಎಡವ್ತಾರೆ. ಇದೂ ಹಾಗೇ. ನಮ್ಮ ಭಾವಮೈದ ಡ್ರಮ್ಮಿಗೆ ಕಾಲಲ್ಲಿ ಹೊಡೆದಾಗ ನನ್ನ ಸ್ವರ ಶುರು, ಅವನು ಕೈಯಲ್ಲಿ ಹೊಡೆದಾಗ ನಿಲ್ಲಬೇಕು.”

ಶನಿವಾರ, ಬೆಳಿಗ್ಗೆ ಏಳು ಗಂಟೆ. ಸಭಾಂಗಣದಲ್ಲಿ ನೆಲ ಒರೆಸಿದ ನೀರಿನ ವಾಸನೆ. ಗೆಳೆಯ ತಾಯಿಯನ್ನು ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ. ಲಿಫ್ಟಣ್ಣ ಗಿಟಾರು ತೂಗಿಹಾಕಿಕೊಂಡು, ವೈರನ್ನು ಕುರ್ಚಿಗಳ ನಡುವೆ ಎಳೆದುಕೊಂಡು, ನುಡಿಸುತ್ತ ನುಡಿಸುತ್ತ ಹಿಂದೆ ಬರುತ್ತಾರೆ. ನಿಲ್ಲುತ್ತಾರೆ. ವೇದಿಕೆಗೆ ಹೋಗಿ ಆಂಪಿನ ಕುರ್ಚಿಯನ್ನು ಒಂದು ಗೇಣು ಸರಿಸುತ್ತಾರೆ, ಮತ್ತೆ ಬರುತ್ತಾರೆ. ಹೀಗೆ ಒಂಬತ್ತು ಸಲ.

“ಭಾವ, ಮೆಟ್ಟಿಲು ಸಾಲಲಿಲ್ವಾ ನಿಮಗೆ?” ಡ್ರಮ್ಸಿನ ಹಿಂದಿನಿಂದ ಭಾವಮೈದ.

ಹತ್ತನೆಯ ಸಲ ಇವರು ಜೇಬಿನಿಂದ ಹೆಂಡತಿಯ ಕೆಂಪು ನೇಲ್ ಪಾಲಿಶ್ ತೆಗೆದು, ಪ್ರತಿ ನಾಬಿನ ಮೇಲೂ ಒಂದು ಗೆರೆ ಎಳೆಯುತ್ತಾರೆ. ಬಿಗಿ ಮಾಡಿದ ನಟ್ಟಿಗೆ ಬಣ್ಣದ ಗೆರೆ ಎಳೆಯುವುದು ಲಿಫ್ಟಿನವರ ರೂಢಿ. ಯಾರಾದರೂ ಮುಟ್ಟಿದ್ದರೆ ಗೆರೆ ಹೇಳುತ್ತದೆ.

ಮೊದಲ ಹಾಡು ಇವರ ಬೇಸ್‌ನೊಂದಿಗೆ. ಎರಡನೆಯದಕ್ಕೆ ಇವರು ಕೈ ಕಟ್ಟಿ ನಿಲ್ಲುತ್ತಾರೆ, ಟೀಚರರ ಎಡಗೈ ಕೆಲಸ ಮಾಡುತ್ತದೆ. ಒಪ್ಪಂದ ಹಾಗೇ ಆಗಿತ್ತು. ಎರಡೂ ಹಾಡು ಮುಗಿಯುತ್ತವೆ. ಎಲ್ಲರೂ ಕೊನೆಯ ಸಾಲಿನ ಕಡೆ ನೋಡುತ್ತಾರೆ.

“ಪ್ರತಿ ಮಾತೂ ಕೇಳ್ತು ಮಗಾ,” ಎನ್ನುತ್ತಾರೆ ತಾಯಿ. “ಮೊದಲನೇ ಹಾಡಲ್ಲಿ ಎರಡನೇ ಸಾಲು ಮರೆತು ತೊದಲಿದೆಯಲ್ಲ, ಅದೂ ಕೇಳ್ತು.”

“ಅಮ್ಮಾ, ಇವನದು ಕೇಳ್ತಾ? ಬೇಸು?”

“ಯಾವುದು ಇವನದು?” ಅವರು ಲಿಫ್ಟಣ್ಣನನ್ನು ಒಮ್ಮೆ ನೋಡುತ್ತಾರೆ. “ಅದೇನೋ ನನಗೆ ಗೊತ್ತಾಗಲ್ಲಪ್ಪ. ಮೊದಲನೇ ಹಾಡು ನೆಮ್ಮದಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಎರಡನೇದು ಕುರ್ಚಿ ತುದೀಲಿ ಕೂತಿತ್ತು, ಈಗ ಎದ್ದು ಹೋಗ್ತೀನಿ ಅನ್ನೋ ಥರ.”

ಟೀಚರ್ ಎಡಗೈಯನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. “ಸರಿ,” ಎನ್ನುತ್ತಾರೆ. “ನಾನು ಬಲಗೈ ನೋಡ್ಕೋತೀನಿ.”

ಲಿಫ್ಟಣ್ಣ ಉದ್ದದ ವೈರನ್ನು ಮೊಣಕೈಗೆ ಸುತ್ತಿ ಎತ್ತಿಡುತ್ತಾರೆ, ಚಿಕ್ಕ ವೈರು ಚುಚ್ಚಿ ವೇದಿಕೆಯಲ್ಲಿ ತಮ್ಮ ಜಾಗಕ್ಕೆ ಬರುತ್ತಾರೆ. ಇನ್ನೊಮ್ಮೆ ಮೊದಲ ಹಾಡು ನುಡಿಸೋಣವೆಂದು ಎಲ್ಲರೂ ಅಣಿಯಾದಾಗ ಗೆಳೆಯ ಮೈಕು ಬಿಟ್ಟು ಇವರ ಕಡೆ ತಿರುಗುತ್ತಾರೆ. ಹದಿನೈದು ವರ್ಷ ತಿರುಗಿದ ಹಾಗೆಯೇ. ಕೆಮ್ಮುತ್ತಾರೆ.

“ಲೋ ಭೂಕಂಪ. ಒಂಚೂರು ಜಾಸ್ತಿ ಮಾಡೋ.”

ಲಿಫ್ಟಣ್ಣ ನಾಬಿನ ಮೇಲಿನ ಕೆಂಪು ಗೆರೆಯನ್ನು ನೋಡುತ್ತಾರೆ. ಅದಿನ್ನೂ ಪೂರ್ತಿ ಒಣಗಿಲ್ಲ.

“ಮಾಡಲ್ಲ,” ಎನ್ನುತ್ತಾರೆ.